ಲಿಕ್ವಿಡ್ ನೈಟ್ರೋಜನ್ ಬೇಡ, ಒಂದು ಬ್ರಷ್ ಕೊಡಿ

ಈ ಸಲದ ಕಾಲೇಜು ವಸ್ತುಪ್ರದರ್ಶನಕ್ಕೆ ವಿಜ್ಞಾನ ವಿಭಾಗದ ಗೆಳೆಯರು ಒಂದು ಯೋಜನೆ ಕೊಟ್ಟಿದ್ದಾರೆ. ಹಳೆಯ ಕಂಪ್ಯೂಟರಿನ ಪ್ರೊಸೆಸರ್ ಮೇಲೆ ತಾಮ್ರದ ಪಾತ್ರೆ ಕೂರಿಸಿ, ಅದಕ್ಕೆ ಲಿಕ್ವಿಡ್ ನೈಟ್ರೋಜನ್ ಸುರಿದು, ಎಲ್ಲರ ಕಣ್ಣೆದುರೇ ಅದರ ವೇಗ ಏರಿಸಿ ತೋರಿಸುತ್ತಾರಂತೆ. ಅದಕ್ಕೆ ವಿದ್ಯಾರ್ಥಿ ಸಂಘದ ನಿಧಿಯಿಂದ ಹಣ ಕೇಳಿದ್ದಾರೆ. ಯಾವ ವಿಭಾಗದವರು ಬೇಕಾದರೂ ಅಭಿಪ್ರಾಯ ಬರೆದು ಕೊಡಬಹುದು ಎಂದು ಪ್ರಿನ್ಸಿಪಾಲರು ಹೇಳಿದ್ದಾರೆ. ನನ್ನ ಅಭಿಪ್ರಾಯ ಇದು: ಆ ಹಣ ಕೊಡಬಾರದು. ಅದರ ಒಂದು ಸಣ್ಣ ಭಾಗವನ್ನು ನಮ್ಮ ಕಂಪ್ಯೂಟರ್ ಲ್ಯಾಬಿಗೆ ಕೊಡಬೇಕು.

"ಕಾಮರ್ಸ್‌ನವರಿಗೆ ಇದರಲ್ಲಿ ಏನು ಕೆಲಸ?" ಎಂದು ಕ್ಯಾಂಟೀನಿನಲ್ಲಿ ಆಗಲೇ ಕೇಳಿಸಿಕೊಂಡಾಗಿದೆ. ಕೆಲಸ ಇದೆ. ಸಂಘದ ನಿಧಿಗೆ ನಾವೂ ಹಣ ಕಟ್ಟಿದ್ದೇವೆ. ಲೆಕ್ಕಶಾಸ್ತ್ರ, ವ್ಯವಹಾರ ಅಧ್ಯಯನದ ಜೊತೆ ಗಣಕ ವಿಜ್ಞಾನ ತೆಗೆದುಕೊಂಡ ನಾವು ವಾರಕ್ಕೆ ಎರಡು ದಿನ ಅದೇ ಲ್ಯಾಬಿನಲ್ಲಿ ಕೂರುತ್ತೇವೆ. ಹಿಂದಿನ ಸಾಲಿನ ಯಂತ್ರಗಳು ಪ್ರೋಗ್ರಾಂ ಅರ್ಧ ಬರೆಯುವಷ್ಟರಲ್ಲಿ ತಾವಾಗಿಯೇ ಆಫ್ ಆಗುತ್ತವೆ. ಪ್ರಾಯೋಗಿಕ ಪರೀಕ್ಷೆಯ ದಿನ ಹಾಗಾದರೆ ಅಂಕ ಹೋಗುವುದು ನಮ್ಮದು. ಆದ್ದರಿಂದ ಕಂಪ್ಯೂಟರ್ ತಂಪು ಮಾಡುವ ವಿಷಯದಲ್ಲಿ ಮಾತಾಡುವ ಹಕ್ಕು ನಮಗೂ ಉಂಟು.

ಮೊದಲು ಆ ದ್ರವದ ಬಗ್ಗೆ. ಲಿಕ್ವಿಡ್ ನೈಟ್ರೋಜನ್ ಕುದಿಯುವುದು ಮೈನಸ್ 196 ಡಿಗ್ರಿಯಲ್ಲಿ. ಇಷ್ಟು ತಣ್ಣಗಿನದನ್ನು ಕಾದ ಚಿಪ್ಪಿನ ಮೇಲೆ ಸುರಿದರೆ ಶಾಖವನ್ನೆಲ್ಲ ಒಂದೇ ಏಟಿಗೆ ನುಂಗಿಬಿಡುತ್ತದೆ ಎಂದು ಯಾರಿಗಾದರೂ ಅನಿಸುತ್ತದೆ. ಆದರೆ ಅದು ನಡೆದುಕೊಳ್ಳುವ ರೀತಿಯೇ ಬೇರೆ. ಅದನ್ನು ತಿಳಿಯಲು ವಿಡಿಯೊ ಬೇಡ, ನಮ್ಮ ಮನೆಗಳ ತವಾ ಸಾಕು. ದೋಸೆ ಹಾಕುವ ಮುಂಚೆ ಅಮ್ಮಿ ಕೈ ಅದ್ದಿ ನಾಲ್ಕು ಹನಿ ನೀರು ಚಿಮುಕಿಸುತ್ತಾರೆ. ತವಾ ಅರೆಕಾದಿದ್ದರೆ ನೀರು ಹರಡಿ, ಚುಂಯ್ ಎಂದು ಆರಿಹೋಗುತ್ತದೆ. ಜೋರಾಗಿ ಕಾದಿದ್ದರೆ ಹನಿ ಮುತ್ತಿನಂತೆ ಗುಂಡಗಾಗಿ ಅತ್ತಿಂದಿತ್ತ ಓಡಾಡುತ್ತದೆ. "ಪಾನಿ ನಾಚ್ರಾ, ಆಂಚ್ ಕಮ್ ಕರ್" ಎಂದು ನನಗೆ ಹೇಳುವುದು ಆಗಲೇ. ನೀರು ಕುಣಿಯುತ್ತಿದೆ, ಉರಿ ಸಣ್ಣ ಮಾಡು ಅಂತ.

ಗಮನಿಸಿ ನೋಡಿ: ಹೆಚ್ಚು ಕಾದ ತವಾದ ಮೇಲೆ ಹನಿ ಹೆಚ್ಚು ಹೊತ್ತು ಉಳಿಯುತ್ತದೆ. ಹನಿಯ ತಳ ತವಾ ಮುಟ್ಟುವ ಮೊದಲೇ ಆವಿಯಾಗಿ, ಆ ಆವಿಯೇ ಒಂದು ತೆಳು ಗಾದಿಯಾಗಿ ಹನಿಯನ್ನು ಎತ್ತಿ ಹಿಡಿಯುತ್ತದೆ. ದ್ರವಕ್ಕೆ ಹೋಲಿಸಿದರೆ ಆವಿ ಶಾಖವನ್ನು ಬಹಳ ನಿಧಾನವಾಗಿ ದಾಟಿಸುತ್ತದೆ. ಜರ್ಮನಿಯ ಡ್ಯೂಸ್‌ಬರ್ಗ್‌ನ ವೈದ್ಯ ಯೋಹಾನ್ ಗಾಟ್ಲೋಬ್ ಲೈಡನ್‌ಫ್ರಾಸ್ಟ್ ಕಾದ ಕಬ್ಬಿಣದ ಚಮಚದಲ್ಲಿ ನೀರಿನ ಹನಿ ಬಿಟ್ಟು ಇದನ್ನು 1756ರಲ್ಲಿ ಬರೆದಿಟ್ಟರು. ಇಂದಿಗೂ ಇದು ಅವರ ಹೆಸರಿನಲ್ಲೇ ಇದೆ. ಅದಕ್ಕೂ ಎಷ್ಟೋ ಮುಂಚಿನಿಂದ ಅಡುಗೆಮನೆಯ ಹೆಂಗಸರಿಗೆ ಇದು ಗೊತ್ತಿದ್ದಿರಬೇಕು, ಬರೆದಿಡಲಿಲ್ಲ ಅಷ್ಟೇ.

ನೀರಿನ ಹನಿ ಕುಣಿಯಬೇಕಾದರೆ ತವಾ ಸುಮಾರು 200 ಡಿಗ್ರಿ ಕಾದಿರಬೇಕು. ಅಂದರೆ ನೀರಿನ ಕುದಿಬಿಂದುವಿಗಿಂತ ನೂರು ಡಿಗ್ರಿ ಮೇಲೆ. ಈಗ ನೈಟ್ರೋಜನ್ ಕಡೆಯಿಂದ ಲೆಕ್ಕ ಹಾಕಿ. ನಮ್ಮ ತರಗತಿಯ 27 ಡಿಗ್ರಿ ಅದರ ಕುದಿಬಿಂದುವಿಗಿಂತ 223 ಡಿಗ್ರಿ ಮೇಲಿದೆ. ನಮ್ಮ ಬೆಂಚು, ನೀರಿನ ಬಾಟಲಿ, ಅಂಗೈ ಎಲ್ಲವೂ ಅದಕ್ಕೆ ಧಗಧಗ ಕಾದ ತವಾ. ಕಂಪ್ಯೂಟರ್ ಇನ್ನೂ ಆನ್ ಆಗಿರದಿದ್ದರೂ, ಪಾತ್ರೆ ಕೈಗೆ ತಣ್ಣಗೆ ತಾಗುತ್ತಿದ್ದರೂ, ಸುರಿದ ನೈಟ್ರೋಜನ್ ತಾಮ್ರವನ್ನು ಮುಟ್ಟುವುದೇ ಇಲ್ಲ. ತನ್ನದೇ ಆವಿಯ ಗಾದಿಯ ಮೇಲೆ ತೇಲುತ್ತಿರುತ್ತದೆ. ಆಗ ಏಳುವ ಬಿಳಿ ಹೊಗೆಯನ್ನು ನೋಡಿ ಜನ ಚಪ್ಪಾಳೆ ತಟ್ಟುತ್ತಾರೆ. ಅದು ನೈಟ್ರೋಜನ್ ಕೂಡ ಅಲ್ಲ, ನಮ್ಮ ಗಾಳಿಯಲ್ಲಿದ್ದ ನೀರಾವಿ ತಣ್ಣಗಾಗಿ ಮಂಜಾದದ್ದು.

ಇನ್ನೊಂದು ಸ್ವಾರಸ್ಯ. ಪಾತ್ರೆ ಮೊದಮೊದಲು ನಿಧಾನವಾಗಿ ತಣಿಯುತ್ತದೆ. ಲೋಹ ಮೈನಸ್ 150ಕ್ಕಿಂತ ಕೆಳಗೆ ಇಳಿದ ಮೇಲೆ ಎಲ್ಲೋ ಒಂದು ಹಂತದಲ್ಲಿ ಆವಿಯ ಗಾದಿ ಹರಿಯುತ್ತದೆ. ದ್ರವ ನೇರವಾಗಿ ಲೋಹಕ್ಕೆ ತಾಗುತ್ತದೆ. ಆಗ ಒಮ್ಮೆಲೇ ಭರ್ರೆಂದು ಕುದಿದು, ತಾಪ ಸರ್ರನೆ ಇಳಿದು, ಆಮೇಲೆ ಎಲ್ಲ ಶಾಂತ. ಅಂದರೆ ಲೋಹ ಬಿಸಿಯಾಗಿದ್ದಾಗ ನಿಧಾನ, ತಣ್ಣಗಾದಾಗ ಜೋರು. ನಾವು ಊಹಿಸುವುದಕ್ಕೆ ತದ್ವಿರುದ್ಧ. 1934ರಲ್ಲಿ ಜಪಾನಿನ ಶಿರೋ ನುಕಿಯಾಮಾ ತೆಳು ತಂತಿಯನ್ನು ನೀರಿನಲ್ಲಿ ಮುಳುಗಿಸಿ, ವಿದ್ಯುತ್ತಿನಿಂದ ಕಾಯಿಸಿ ಇದೇ ಆಟವನ್ನು ಅಳೆದರು. ಶಾಖ ಹೆಚ್ಚಿದಂತೆ ಗುಳ್ಳೆಗಳು ಹೆಚ್ಚುತ್ತವೆ, ತಂಪು ಮಾಡುವ ಶಕ್ತಿಯೂ ಏರುತ್ತದೆ. ಒಂದು ಮಿತಿ ದಾಟಿದರೆ ಗುಳ್ಳೆಗಳು ಒಂದಕ್ಕೊಂದು ಸೇರಿ ಪೂರ್ತಿ ಹೊದಿಕೆಯಾಗುತ್ತವೆ, ತಂತಿಯ ತಾಪ ಹಾರಿಬಿಡುತ್ತದೆ.

ಈ ಮಿತಿಯೇ ನೈಟ್ರೋಜನ್ನಿನ ದೊಡ್ಡ ದೌರ್ಬಲ್ಯ. ಸಮತಟ್ಟಾದ ಲೋಹದ ಒಂದು ಚದರ ಸೆಂಟಿಮೀಟರಿನಿಂದ ಕುದಿಯುವ ನೀರು ಹೆಚ್ಚೆಂದರೆ ಸುಮಾರು 100 ವ್ಯಾಟ್ ಒಯ್ಯಬಲ್ಲದು. ನೈಟ್ರೋಜನ್ ಒಯ್ಯುವುದು 15ರಿಂದ 20 ವ್ಯಾಟ್ ಮಾತ್ರ. ಉಗುರಿನಗಲದ ಚಿಪ್ಪು 300 ವ್ಯಾಟ್ ಉಗುಳಿದರೆ ನೈಟ್ರೋಜನ್ ಅದರ ಮೇಲೆ ನೇರವಾಗಿ ನಿಂತು ಏನೂ ಮಾಡಲಾರದು. ಮತ್ತೆ ಗಾದಿ ಹಾಸಿಕೊಂಡು ಮೇಲೆ ತೇಲುತ್ತದೆ. ಅದಕ್ಕೇ ದಪ್ಪ ತಾಮ್ರದ ಪಾತ್ರೆ ಬೇಕು, ಅದರೊಳಗೆ ರಂಧ್ರಗಳು, ಗೀರುಗಳು, ಏಣುಗಳು ಬೇಕು. ತಾಮ್ರ ಶಾಖವನ್ನು ಅಗಲಕ್ಕೆ ಹರಡಿ, ಒಂದೊಂದು ಸೆಂಟಿಮೀಟರಿಗೂ ಕಡಿಮೆ ಪಾಲು ಬರುವಂತೆ ಮಾಡುತ್ತದೆ. ವಿಡಿಯೊದಲ್ಲಿ ಥರ್ಮಾಸ್ ಹಿಡಿದು ಸುರಿಯುವವರು ಹೀರೋ ಥರ ಕಾಣುತ್ತಾರೆ. ನಿಜವಾದ ಕೆಲಸ ಮಾಡುವುದು ಸದ್ದಿಲ್ಲದೆ ಕೂತ ಆ ತಾಮ್ರ, ಮತ್ತು ತಾಮ್ರಕ್ಕೂ ಚಿಪ್ಪಿಗೂ ನಡುವೆ ಹಚ್ಚಿದ ಪೇಸ್ಟ್. ಅತಿ ಚಳಿಗೆ ಆ ಪೇಸ್ಟ್ ಬಿರುಕು ಬಿಟ್ಟರೆ ಮೇಲೆ ಎಷ್ಟು ಸುರಿದರೂ ಚಿಪ್ಪು ಕಾಯುತ್ತದೆ.

ಈಗ ನಮ್ಮ ವಿಭಾಗದ ಭಾಷೆಯಲ್ಲಿ ಹೇಳುತ್ತೇನೆ. ತಾಪಮಾನ ಎನ್ನುವುದು ಅಂಗಡಿಯ ಬೋರ್ಡ್, ಶಾಖ ಎನ್ನುವುದು ಗಲ್ಲಾಪೆಟ್ಟಿಗೆ. ಬೋರ್ಡ್ ನೋಡಿ ವ್ಯಾಪಾರ ಅಳೆಯಬಾರದು. ದ್ರವ ಆವಿಯಾಗುವಾಗ ಹೀರುವ ಗುಪ್ತೋಷ್ಣವೇ ಇಲ್ಲಿ ಬಂಡವಾಳ. ಒಂದು ಲೀಟರ್ ಲಿಕ್ವಿಡ್ ನೈಟ್ರೋಜನ್ ಪೂರ್ತಿ ಆವಿಯಾಗಲು ಸುಮಾರು 160 ಕಿಲೋಜೂಲ್ ಹೀರುತ್ತದೆ. 300 ವ್ಯಾಟ್ ಚಿಪ್ಪಿಗೆ ಅದು ಸುಮಾರು ಒಂಬತ್ತು ನಿಮಿಷದ ಖರ್ಚು. ನೈಟ್ರೋಜನ್ನಿಗಿಂತಲೂ ತಣ್ಣಗಿರುವ ದ್ರವ ಹೀಲಿಯಂ ಕುದಿಯುವುದು ಮೈನಸ್ 269ರಲ್ಲಿ. ಅದರ ಒಂದು ಲೀಟರ್ ಹೀರುವುದು ಕೇವಲ 2.6 ಕಿಲೋಜೂಲ್, ಒಂಬತ್ತು ಸೆಕೆಂಡಿನಲ್ಲಿ ಖಾಲಿ. ಎದ್ದ ತಣ್ಣನೆಯ ಅನಿಲವೂ ಒಂದಿಷ್ಟು ಶಾಖ ಒಯ್ಯುವುದರಿಂದ ನಿಜದಲ್ಲಿ ಇನ್ನೂ ಸ್ವಲ್ಪ ಹೊತ್ತು ಬರುತ್ತದೆ, ಇರಲಿ. ಈಗ ನಲ್ಲಿಯ ನೀರು: ಕುದಿಯುತ್ತಿರುವ ಒಂದು ಲೀಟರ್ ನೀರು ಪೂರ್ತಿ ಆವಿಯಾಗಲು 2,250 ಕಿಲೋಜೂಲ್ ಆಸುಪಾಸು ಬೇಕು. ಅದೇ ಚಿಪ್ಪು ಅದನ್ನು ಖಾಲಿ ಮಾಡಲು ಎರಡು ಗಂಟೆ ಉರಿಯಬೇಕು. ಮೂರರಲ್ಲಿ ಅತಿ ತಣ್ಣಗಿನವನೇ ಅತಿ ಬಡವ.

ಹಾಗಾದರೆ ಈ ದ್ರವಗಳನ್ನು ಏಕೆ ಬಳಸುತ್ತಾರೆ? ನ್ಯಾಯವಾಗಿ ಅದನ್ನೂ ಹೇಳಬೇಕು. ಮೈನಸ್ 196ರಲ್ಲಿ ಶುದ್ಧ ತಾಮ್ರದ ವಿದ್ಯುತ್ ರೋಧ ಏಳೆಂಟು ಪಟ್ಟು ಇಳಿಯುತ್ತದೆ, ಟ್ರಾನ್ಸಿಸ್ಟರುಗಳಲ್ಲಿ ವಿದ್ಯುತ್ ಸೋರಿಕೆಯೂ ಕಡಿಮೆ. ಹಾಗಾಗಿ ಚಿಪ್ಪು ಹೆಚ್ಚು ವೇಗ ತಾಳುತ್ತದೆ. 2011ರಲ್ಲಿ ಎಎಂಡಿ ಕಂಪನಿಯ ಎಫ್‌ಎಕ್ಸ್ ಪ್ರೊಸೆಸರ್ ಹೀಲಿಯಂ ಬಲದಿಂದ 8.429 ಗಿಗಾಹರ್ಟ್ಸ್ ತಲುಪಿ ಗಿನ್ನೆಸ್ ದಾಖಲೆ ಬರೆಯಿತು. 2022ರ ಡಿಸೆಂಬರಿನಲ್ಲಿ ಇಂಟೆಲ್‌ನ 13900ಕೆ, ಅದೂ ಹೀಲಿಯಂನಿಂದಲೇ, 9 ಗಿಗಾಹರ್ಟ್ಸ್ ದಾಟಿತು. ಅಂಗಡಿಯಲ್ಲಿ ಸಿಗುವಾಗ ಅದರ ಗರಿಷ್ಠ ವೇಗ 5.8. ಸಾಧನೆ ನಿಜ, ನಾನು ಅಲ್ಲಗಳೆಯುವುದಿಲ್ಲ. ಆದರೆ ಅದು ಕ್ಷಣಗಳ ಸಾಧನೆ. ಆ ವೇಗದಲ್ಲಿ ಯಾರೂ ಒಂದು ಬ್ಯಾಲೆನ್ಸ್ ಶೀಟ್ ಮಾಡಿ ಮುಗಿಸಿಲ್ಲ.

ಇದನ್ನೇ ವ್ಯಾಪಾರ ಮಾಡಲು ಹೊರಟವರೂ ಇದ್ದರು. ಅಮೆರಿಕದ ಕಂಟ್ರೋಲ್ ಡೇಟಾ ಕಂಪನಿ ಇಟಿಎ ಸಿಸ್ಟಮ್ಸ್ ಎಂಬ ಅಂಗಸಂಸ್ಥೆ ಕಟ್ಟಿ, ಲಿಕ್ವಿಡ್ ನೈಟ್ರೋಜನ್ನಿನಲ್ಲಿ ಮುಳುಗಿ ಕೆಲಸ ಮಾಡುವ ಇಟಿಎ-10 ಎಂಬ ಸೂಪರ್ ಕಂಪ್ಯೂಟರ್ ತಯಾರಿಸಿತು. ತಂಪು ಮಾಡುವ ತಂತ್ರ ಕೈಕೊಡಲಿಲ್ಲ, ಯಂತ್ರಗಳು ಓಡಿದವು. ಆದರೂ 1989ರಲ್ಲಿ ಕಂಪನಿ ಅದನ್ನು ಮುಚ್ಚಿತು. ಇನ್ನೊಂದು ಕಡೆ, 2012ರಲ್ಲಿ ಜರ್ಮನಿಯ ಮ್ಯೂನಿಕ್ ಹತ್ತಿರದ ಗಾರ್ಷಿಂಗ್‌ನಲ್ಲಿ ಶುರುವಾದ ಸೂಪರ್‌ಎಂಯುಸಿ ಎಂಬ ಸೂಪರ್ ಕಂಪ್ಯೂಟರನ್ನು ತಂಪು ಮಾಡಿದ್ದು 45 ಡಿಗ್ರಿವರೆಗಿನ ಬಿಸಿ ನೀರು! ನಮ್ಮ ರಾಯಚೂರಿನ ಮೇ ತಿಂಗಳ ಬಿಸಿಲಿನಷ್ಟು ಬಿಸಿ. ಚಿಪ್ಪಿನ ತಾಪ ಅದಕ್ಕಿಂತಲೂ ಹೆಚ್ಚಿರುವುದರಿಂದ ಶಾಖ ಆ ನೀರಿಗೂ ಹರಿಯುತ್ತದೆ. ನೀರು ಚಿಪ್ಪಿನ ಪಕ್ಕದಲ್ಲೇ, ನಡುವೆ ಅಡ್ಡಿಯಿಲ್ಲದೆ, ನಿಲ್ಲದೆ ಹರಿಯುತ್ತಿರಬೇಕು, ಅಷ್ಟೇ. ಹೊರಬಂದ ಬಿಸಿಯಿಂದ ಚಳಿಗಾಲದಲ್ಲಿ ಕಟ್ಟಡವನ್ನೂ ಬೆಚ್ಚಗಿಟ್ಟರು. ಇದು ನನಗೆ ಹೊಗೆಗಿಂತ ದೊಡ್ಡ ಜಾದೂ ಅನಿಸುತ್ತದೆ.

ಇಷ್ಟೇ ಆಗಿದ್ದರೆ "ಹಣ ದಂಡ" ಎಂದು ಹೇಳಿ ಸುಮ್ಮನಾಗುತ್ತಿದ್ದೆ. ಆದರೆ ಯೋಜನೆಯಲ್ಲಿ ಇನ್ನೊಂದು ಸಾಲಿದೆ: ಕೊನೆಯಲ್ಲಿ ಒಬ್ಬರು ನೈಟ್ರೋಜನ್ನಿನಲ್ಲಿ ಕೈ ಅದ್ದಿ ತೆಗೆದು ತೋರಿಸುತ್ತಾರಂತೆ. ಒಂದು ಕ್ಷಣ ಏನೂ ಆಗದಿರುವುದು ಅದೇ ಆವಿಯ ಗಾದಿಯಿಂದ. ಒದ್ದೆ ತೋಳಿನಂಚು, ಉಂಗುರ, ಬಳೆ, ಕೈಗವಸು ಇದ್ದರೆ ದ್ರವ ಅಲ್ಲಿ ಸಿಕ್ಕಿಕೊಂಡು ಚರ್ಮವನ್ನು ಸುಟ್ಟಂತೆ ಮಾಡುತ್ತದೆ. ನಮ್ಮಲ್ಲಿ ಉದ್ದ ತೋಳು, ದುಪಟ್ಟಾ ಇಲ್ಲದವರು ಎಷ್ಟು ಜನ? ಗಾದಿ ಯಾವಾಗ ಹರಿಯುತ್ತದೆ ಎಂದು ಮುಂಚಿತವಾಗಿ ಹೇಳಲು ಯಾರಿಂದಲೂ ಆಗದು. ಇನ್ನು, ಒಂದು ಲೀಟರ್ ದ್ರವ ಸುಮಾರು 700 ಲೀಟರ್ ಅನಿಲವಾಗುತ್ತದೆ. ಹತ್ತು ಅಡಿ ಉದ್ದ, ಅಗಲ, ಎತ್ತರದ ಮುಚ್ಚಿದ ಕೋಣೆಯಲ್ಲಿ ಹತ್ತು ಲೀಟರ್ ಆವಿಯಾದರೆ ಕೋಣೆಯ ಕಾಲು ಭಾಗದಷ್ಟು ಹೊಸ ಅನಿಲ ಸೇರಿ, ಉಸಿರಾಡುವ ಆಮ್ಲಜನಕ ಅಪಾಯದ ಮಟ್ಟಕ್ಕೆ ಇಳಿಯುತ್ತದೆ. ವಾಸನೆ ಇಲ್ಲ, ಬಣ್ಣ ಇಲ್ಲ, ಕೆಮ್ಮು ಕೂಡ ಬರುವುದಿಲ್ಲ. ವಸ್ತುಪ್ರದರ್ಶನದ ದಿನ ನಮ್ಮ ಪ್ರಯೋಗಾಲಯಗಳಲ್ಲಿ ಜನ ಎಷ್ಟು ಒತ್ತೊತ್ತಾಗಿ ನಿಂತಿರುತ್ತಾರೆ ಎನ್ನುವುದು ಎಲ್ಲರಿಗೂ ಗೊತ್ತು. ತಮ್ಮ ತಂಗಿಯರೂ ಬಂದಿರುತ್ತಾರೆ.

ನಮ್ಮ ರಾಜ್ಯಕ್ಕೆ ಇದು ದೂರದ ಮಾತಲ್ಲ. 2024ರಲ್ಲಿ ದಾವಣಗೆರೆಯ ವಸ್ತುಪ್ರದರ್ಶನವೊಂದರಲ್ಲಿ ಸ್ಮೋಕ್ ಬಿಸ್ಕೆಟ್ ತಿಂದ ಬಾಲಕ ನೋವಿನಿಂದ ಒದ್ದಾಡಿದ ವಿಡಿಯೊವನ್ನು ಮೊಬೈಲಿನಲ್ಲಿ ನೋಡದವರು ಕಡಿಮೆ. ಆ ವರ್ಷವೇ ಕರ್ನಾಟಕದ ಆಹಾರ ಸುರಕ್ಷತಾ ಇಲಾಖೆ ಇಂಥ ತಿನಿಸುಗಳಲ್ಲಿ ಲಿಕ್ವಿಡ್ ನೈಟ್ರೋಜನ್ ಬಳಸಿ ಬಡಿಸುವುದನ್ನು ನಿಷೇಧಿಸಿತು. ಈ ದ್ರವ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಪಶು ಆಸ್ಪತ್ರೆಗಳಲ್ಲಿ ಹಸುಗಳ ಕೃತಕ ಗರ್ಭಧಾರಣೆಯ ಕಡ್ಡಿಗಳನ್ನು ಇಡುವುದು ಇದೇ ನೈಟ್ರೋಜನ್ ಕ್ಯಾನಿನಲ್ಲಿ. ಅಲ್ಲಿ ಅದು ಹೊಗೆ ತೋರಿಸುವುದಿಲ್ಲ, ಸುಮ್ಮನೆ ತನ್ನ ಕೆಲಸ ಮಾಡುತ್ತದೆ.

ಈಗ ನಮ್ಮ ಲ್ಯಾಬಿಗೆ ಬರೋಣ. ಹೋದ ಬೇಸಿಗೆಯಲ್ಲಿ ಹಿಂದಿನ ಸಾಲಿನ ಯಂತ್ರಗಳು ಆಫ್ ಆಗುತ್ತಿವೆ ಎಂದು ದೂರು ಕೊಟ್ಟಾಗ ಎ.ಸಿ.ಯನ್ನು 18 ಡಿಗ್ರಿಗೆ ಇಳಿಸಲಾಯಿತು. ಮುಂದಿನ ಸಾಲಿನವರಿಗೆ ನಡುಕ ಬಂತು, ಹಿಂದಿನ ಯಂತ್ರಗಳು ಮೊದಲಿನಂತೆಯೇ ಆಫ್ ಆದವು. ಕಾರಣ ಮೇಲೆ ಬರೆದದ್ದೇ. ಆ ಸಾಲು ರಸ್ತೆ ಕಡೆಯ ಕಿಟಕಿಗೆ ಹೊಂದಿಕೊಂಡಿದೆ. ಲ್ಯಾಬ್ ಸಹಾಯಕರು ಒಂದು ಕ್ಯಾಬಿನೆಟ್ಟಿನ ಪಕ್ಕದ ತಗಡು ಬಿಚ್ಚಿದಾಗ ನಾನೂ ಇಣುಕಿ ನೋಡಿದೆ. ಪ್ರೊಸೆಸರ್ ಮೇಲಿನ ಅಲ್ಯೂಮಿನಿಯಂ ಪಟ್ಟಿಗಳ ನಡುವೆ ಧೂಳು ಹತ್ತಿಯಂತೆ ಒತ್ತೊತ್ತಾಗಿ ಕೂತಿತ್ತು. ಫ್ಯಾನ್ ತಿರುಗುತ್ತಿತ್ತು, ಗಾಳಿ ಒಳಗೆ ಹೋಗುತ್ತಿರಲಿಲ್ಲ. ಪಟ್ಟಿಯ ಕೆಳಗಿನ ಪೇಸ್ಟ್ ಒಣಗಿ ಸುಣ್ಣದ ಹಕ್ಕಳೆಯಂತಾಗಿತ್ತು. ಬಿರುಕುಗಳಲ್ಲಿ ಗಾಳಿ. ತಾಮ್ರಕ್ಕೆ ಹೋಲಿಸಿದರೆ ನಿಂತ ಗಾಳಿ ಶಾಖ ದಾಟಿಸುವುದರಲ್ಲಿ ಸುಮಾರು 15,000 ಪಟ್ಟು ಹಿಂದೆ. ಆ ಗಾಳಿಯಲ್ಲಿ ಶೇಕಡಾ 78 ಭಾಗ ನೈಟ್ರೋಜನ್ನೇ! ಅಲ್ಲಿ ಹನಿಯ ಕೆಳಗೆ ಗಾದಿ ಹಾಸುವ ಅದೇ ಅನಿಲ, ಇಲ್ಲಿ ಧೂಳು ಮತ್ತು ಬಿರುಕಿನೊಳಗೆ ಗಾದಿ ಹಾಸಿ ಕೂತಿದೆ. ಗಾದಿ ತೆಗೆಯದೆ ಕೋಣೆಯನ್ನು ಎಷ್ಟು ತಣ್ಣಗೆ ಮಾಡಿದರೂ ಚಿಪ್ಪಿಗೆ ತಲುಪುವುದು ಅಲ್ಪಸ್ವಲ್ಪ.

ಇದಕ್ಕೆ ಬೇಕಾದದ್ದು ಮೆತ್ತನೆಯ ಬ್ರಷ್‌ಗಳು, ಧೂಳು ಊದುವ ಒಂದು ಬ್ಲೋವರ್, ಥರ್ಮಲ್ ಪೇಸ್ಟ್ ಟ್ಯೂಬುಗಳು, ಒಂದು ಸ್ಕ್ರೂ ಡ್ರೈವರ್ ಸೆಟ್. ತಾಮ್ರದ ಪಾತ್ರೆ, ಕ್ಯಾನಿನ ಬಾಡಿಗೆ, ಸಾಗಾಟ ಎಲ್ಲ ಸೇರಿದ ಖರ್ಚಿನ ಎದುರು ಇದು ಚಿಲ್ಲರೆ. ಒಂದು ಸಲ ಕೊಂಡ ಬ್ಲೋವರ್ ನಮ್ಮ ಮುಂದಿನ ಬ್ಯಾಚಿಗೂ ಉಳಿಯುತ್ತದೆ. ಸುರಿದ ನೈಟ್ರೋಜನ್ ಮಧ್ಯಾಹ್ನದ ಊಟದ ಹೊತ್ತಿಗೆ ಕಿಟಕಿಯಿಂದ ಹೊರಗೆ.

ವಿಜ್ಞಾನ ವಿಭಾಗದವರ ಉತ್ಸಾಹಕ್ಕೆ ನೀರೆರಚುವ ಆಸೆ ನನಗಿಲ್ಲ. ಅವರ ಮೇಜಿನ ಮೇಲೆ ಎರಡು ತವಾ ಇಡಲಿ: ಒಂದು ಹದವಾಗಿ ಕಾದದ್ದು, ಒಂದು ಜೋರಾಗಿ ಕಾದದ್ದು. ಎರಡಕ್ಕೂ ಒಂದೇ ಅಳತೆಯ ಹನಿ ಬಿಟ್ಟು, ಯಾವುದು ಮೊದಲು ಆರುತ್ತದೆ ಎಂದು ಬಂದವರ ಬಳಿ ಪಂಥ ಕಟ್ಟಿಸಲಿ, ದುಡ್ಡಿಲ್ಲದ ಪಂಥ. ಹತ್ತರಲ್ಲಿ ಒಂಬತ್ತು ಜನ ತಪ್ಪು ಹೇಳುತ್ತಾರೆ, ತಾಯಂದಿರನ್ನು ಬಿಟ್ಟು. ಪಕ್ಕದಲ್ಲೇ ಲ್ಯಾಬಿನ ಎರಡು ಒಂದೇ ಮಾದರಿಯ ಯಂತ್ರ, ಒಂದು ಧೂಳು ತುಂಬಿದ್ದು, ಒಂದು ಶುಚಿ ಮಾಡಿದ್ದು. ಎರಡಕ್ಕೂ ಒಂದೇ ಕೆಲಸ ಕೊಟ್ಟು, ತೆರೆಯ ಮೇಲೆ ತಾಪಮಾನ ಏರುವುದನ್ನು ಪಕ್ಕಪಕ್ಕ ತೋರಿಸೋಣ. ಹೊಗೆ ಬೇಕೇ ಬೇಕು ಎನ್ನುವವರಿಗೆ ಕ್ಯಾಂಟೀನಿನ ಚಹಾ ಇದೆ.

ನಮ್ಮ ತರಗತಿಯ ಆರು ಜನ ಕೆಲಸಕ್ಕೆ ಸಿದ್ಧ. ಭೌತಶಾಸ್ತ್ರದ ಸರ್ ಮತ್ತು ಲ್ಯಾಬ್ ಸಹಾಯಕರು ಪಕ್ಕದಲ್ಲಿದ್ದರೆ ಶನಿವಾರ ಕೊನೆಯ ಪೀರಿಯಡ್ ಮುಗಿದ ಮೇಲೆ ಹಿಂದಿನ ಸಾಲಿನಿಂದ ಶುರು ಮಾಡುತ್ತೇವೆ. ಪ್ರತಿ ಯಂತ್ರದ ತಾಪಮಾನ ಮುಂಚೆ ಎಷ್ಟಿತ್ತು, ಆಮೇಲೆ ಎಷ್ಟಾಯಿತು ಎಂದು ಲೆಡ್ಜರಿನಂತೆ ಎರಡು ಕಾಲಂನಲ್ಲಿ ಬರೆದಿಡುತ್ತೇವೆ. ಅರ್ಜಿಯನ್ನು ಈ ಬರಹದ ಜೊತೆಗೇ ಪ್ರಿನ್ಸಿಪಾಲರ ಕಚೇರಿಗೆ ಕೊಟ್ಟಿದ್ದೇವೆ. ಸಹಿ ಹಾಕಲು ಕೆಳಗೆ ಇನ್ನೂ ಜಾಗ ಇದೆ. ವಿಜ್ಞಾನ ವಿಭಾಗದವರೂ ಬನ್ನಿ, ಸ್ಕ್ರೂ ಡ್ರೈವರ್ ಹಿಡಿಯಲು ಕೈಗಳು ಬೇಕು.